ಲುಂಗಿಲೆ ಅಂದ್ರ

ಖಡೇಬಜಾರದಾಗ ಮೂರು ಅಂಗಡಿ ತಿರುಗಿ
ನಾಲ್ಕನೇದಕ್ಕ ನನ್ನ ಕಡೆ ಬಂದಿದ್ದ.
ತೊಂಬತ್ತೈದನೇ ಇಸ್ವಿ, ಜಿಟಿಜಿಟಿ ಮಳಿ ಹಿಡಿದ ಶನಿವಾರ.
"ಕೂದಲ ತೆಗೀತೀರೇನ್ರಿ?"
ಇಷ್ಟನ್ನ ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ರು.
ಮೊದಲನೇ ಅಂಗಡ್ಯಾಗ ಕರೆಂಟ್ ಇಲ್ಲ ಅಂದ್ರಂತ,
ಎರಡನೇದ್ರಾಗ, ಇಂಥಾ ಕೂದಲಿಗೆ ಕತ್ತರಿ ಬ್ಯಾರೆ ಬೇಕಂತ,
ಮೂರನೇದ್ರಾಗ ಏನೂ ಅನ್ನಲಿಲ್ಲಂತ,
ಬಾಗಿಲಾ ಅರ್ಧ ಎಳದ್ರಂತ.

ಕುಂಡ್ರು, ಅಂದೆ. ಹೆಸರು ಕೇಳಿದೆ.
ಲುಂಗಿಲೆ, ಅಂದ.
ಬೆಂಚಿನ ಮ್ಯಾಲ ಪೇಪರ್ ಓದಾವ್ರು ನಕ್ಕರು.
ಖರೇ ಹೇಳತೇನಿ, ನಾನೂ ನಕ್ಕೆ.
ಅಂವ ಕನ್ನಡಿಯೊಳಗಿಂದ ನಮ್ಮ ನಗು ನೋಡಿದ,
ಮುಗಿಯೂತನಕ ಕಾದ.
"ನಮ್ಮ ಮಾತಿನಾಗ ಅದರ ಅರ್ಥ,
ಎಲ್ಲಾ ಸರಿ ಆಗೇತಿ, ಅಂತ."

ಬಾಚಣಿಕಿ ಎರಡು ಮುರದ್ವು ಅವತ್ತು.
ಮೂರನೇ ಸಲಕ್ಕ ಕೈಗೆ ತಿಳೀತು:
ಆ ಕೂದಲಾ ಎಳೀಬಾರದು, ಕೇಳಬೇಕು,
ಯಾವ ಕಡೆ ಹೊಂಟೀಯಪಾ, ಅಂತ.

ಅಂಗಡಿ ಮುಂದಿನ ಬೋರ್ಡಿಗೆ ಆ ವಾರ ಡಾಂಬರು ಬಿದ್ದಿತ್ತು.
ಮ್ಯಾಲಿನ ಸಾಲು ಒಬ್ಬರಿಗೆ ಆಗಿಬರಲಿಲ್ಲ,
ಕೆಳಗಿನದು ಇನ್ನೊಬ್ಬರಿಗೆ.
ಏನಿತ್ತಲ್ಲಿ? ಅಂದ.
ಎರಡೂ ಸಾಲಿನಾಗ ನನ್ನ ಹೆಸರ ಇತ್ತಪಾ, ಅಂದೆ.

ಅರ್ಧ ಹಿಂದಿ, ಅರ್ಧ ಕೈಸನ್ನಿ. ತಿಂಗಳಿಗೊಮ್ಮೆ ಬರಾಂವ,
ತಿಂಗಳಿಗೊಂದಿಷ್ಟು ಹೇಳಾಂವ.
ಹೋದ ವರ್ಷ ಮೊದಲನೇ ಸಲ ವೋಟ್ ಹಾಕಿದ್ವಿ.
ಅವ್ವ ನಸುಕಿನಾಗ ಎದ್ದು ಪಾಳಿ ಹಚ್ಚಿದಳು,
ಅಕಿ ಭಾಂಡೆ ತಿಕ್ಕೂ ಮನಿಯ ಬಿಳಿ ಮಾಲಕಿಣಿ
ಅಕಿ ಬೆನ್ನ ಹಿಂದ.
ಆರು ತಾಸು ಬಿಸಲು. ನೀರಿನ ಬಾಟ್ಲಿ ಒಂದ.
ಮಾಲಕಿಣಿ ಕುಡದು ಕೊಟ್ಟಳು,
ಅವ್ವ ತುಟಿ ಹಚ್ಚಿ ಕುಡದಳು.
ಮರುದಿನ ಅವ್ವ ಅದ ಮನಿಗೆ,
ಹಿತ್ತಲ ಬಾಗಿಲದಿಂದ.

ಅಣ್ಣ? ವೋಟಿಗೆ ಒಂದು ತಿಂಗಳ ಮುಂಚೆ
ಎರಡು ಪಾರ್ಟಿಗಳ ನಡುವಿನ ಕಾಲುದಾರಿಯೊಳಗ ಸಿಕ್ಕ.
ಹೊಡದವರ ಬಣ್ಣ ಅಣ್ಣಂದ ಬಣ್ಣ.

ಇನ್ನೊಂದು ತಿಂಗಳಾ:
ನಮ್ಮ ಓಣಿ ತುದಿಗೆ ನಿಮ್ಮಂಥವರದೊಂದು ಅಂಗಡಿ ಇತ್ತು,
ಅವ್ವಗ ಬ್ರೆಡ್ಡು ಕಿಡಕಿಯಿಂದ ಒಗೀತಿದ್ರು.
ನಿಮ್ಮಂಥವರು ಅಂದಾಗ
ನನ್ನ ಕೈಯಾಗಿನ ಕತ್ತಿ ಅಂವನ ಕಿವಿ ಹಿಂದ ನಿಂತತು.
ಅಂವ ಅಲಗಾಡಲಿಲ್ಲ.
ನಿಮ್ಮಲ್ಲಿ ಹೆಂಗ? ಅಂತ ಕೇಳಿದ.
ನಮ್ಮಲ್ಲಿ ಅದೆಲ್ಲಾ ನಲವತ್ತೇಳಕ್ಕನ ಮುಗೀತು, ಅಂದೆ.

ನಮ್ಮೂರು ಬೈಲಹೊಂಗಲ ಕಡೆ.
ಅಪ್ಪ ಬೇವಿನ ಗಿಡದ ಬುಡಕ್ಕ ಹಡಪ ಬಿಚ್ಚಿ ಕೂಡತಿದ್ದ.
ದೊಡ್ಡವರಿಗೆ ಅವರ ಕಟ್ಟಿಗೇ ಹೋಗಿ,
ಉಳದವರಿಗೆ ಗಿಡದ ನೆರಳಾಗ.
ಎಮ್ಮಿ ಮೈ ಸೈತ ಬೋಳಸತಿದ್ದ,
ಪರಸ್ಯಾನ ಓಣಿಯವರ ತಲಿ ಮುಟ್ಟತಿದ್ದಿಲ್ಲ.
ಪರಸ್ಯಾ ಸಾಲ್ಯಾಗ ನನ್ನ ಬೆಂಚಿನಾಂವ,
ಸಮಾನತೆಯ ಪಾಠ
ತಡವರಿಸದ ಓದಿದಾಂವ ಅಂವನೊಬ್ಬನ.
ಒಂದಿನ ಗಿಡದ ಬುಡಕ್ಕ ಬಂದು ಕುಂತ, ಸುಮ್ಮನ.
ಅಪ್ಪ ಹಡಪ ಮಡಚಿದ.
ಎಂಟು ದಿನ ಊರಾಗ ಯಾರ ಗಡ್ಡಕ್ಕೂ ಕತ್ತಿ ಇಲ್ಲ.

ನನಗಾಗ ಹದಿನಾಲ್ಕು. ಕತ್ತರಿ ಹಿಡಿಯಾಕ ಬರತಿತ್ತು.
ರಾತ್ರಿ ಹಳ್ಳದ ಕಡೆ ಬಾ, ನಾ ತೆಗೀತೇನಿ, ಅಂದಿದ್ದೆ.
ಅಂವ ಹೋಗಿದ್ದನಂತ, ಕಂದೀಲ ತಗೊಂಡು,
ತಲಿ ತೊಯ್ಸಿಕೊಂಡು ಕುಂತಿದ್ದನಂತ.
ನಾ ಹೋಗಲಿಲ್ಲ.

ಲುಂಗಿಲೆಯ ಕೊರಳು ಒರಸಿದೆ, ಪೌಡರ್ ಹಾಕಿದೆ,
ಹಿಂದ ಸಣ್ಣ ಕನ್ನಡಿ ಹಿಡದು ತೋರಿಸಿದೆ.
ಸರಿ ಆತೇನು? ಅಂದೆ.
ಬಾಳೊತ್ತು ನೋಡಿದ.
"ಹಿಂದ ಇನ್ನೂ ಸ್ವಲ್ಪ ಉಳದೈತ್ರಿ," ಅಂದ.